ಸರ್ವರ್‌ಗೆ ಎರಡು ನೆಟ್‌ವರ್ಕ್ ಕೇಬಲ್: ಯಾವ ಟೀಮಿಂಗ್ ಮೋಡ್ ನಿಮಗೆ ಸರಿ?

ಸರ್ವರ್ ಹಿಂದೆ ಎರಡೋ ನಾಲ್ಕೋ ನೆಟ್‌ವರ್ಕ್ ಪೋರ್ಟ್ ಇರುತ್ತವೆ. ಒಂದಕ್ಕೆ ಕೇಬಲ್ ಹಾಕಿ ಉಳಿದವನ್ನು ಖಾಲಿ ಬಿಡಲು ಮನಸ್ಸು ಬರುವುದಿಲ್ಲ. ಎಲ್ಲವನ್ನೂ ಸೇರಿಸಿ ಒಂದು ಟೀಮ್ ಮಾಡೋಣ ಅಂತ ಸೆಟ್ಟಿಂಗ್ಸ್ ತೆರೆದರೆ ಸಾಲು ಸಾಲು ಮೋಡ್‌ಗಳು ಎದುರಾಗುತ್ತವೆ. ಲಿನಕ್ಸ್‌ನಲ್ಲಿ ಇದಕ್ಕೆ ಬಾಂಡಿಂಗ್ ಅಂತಾರೆ. ವಿಂಡೋಸ್, ವಿಎಂವೇರ್ ಕಡೆಯವರು ಟೀಮಿಂಗ್ ಅಂತಾರೆ. ಸ್ವಿಚ್ (ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ನೋಡಿಕೊಳ್ಳುವವರು ಪೋರ್ಟ್ ಚಾನೆಲ್ ಅಥವಾ ಲ್ಯಾಗ್ ಅಂತಾರೆ. ಕೆಲಸ ಒಂದೇ: ಹಲವು ಅಡಾಪ್ಟರ್‌ಗಳನ್ನು ಆಪರೇಟಿಂಗ್ ಸಿಸ್ಟಂಗೆ ಒಂದೇ ಅಡಾಪ್ಟರ್ ಅಂತ ತೋರಿಸುವುದು.

ಇದರಿಂದ ನಾವು ಬಯಸುವುದು ಎರಡು. ಒಂದು ಲಿಂಕ್ ಕೈಕೊಟ್ಟರೂ ಸರ್ವರ್ ನೆಟ್‌ವರ್ಕ್‌ನಲ್ಲಿ ಉಳಿಯಬೇಕು. ಲೋಡ್ ಎಲ್ಲ ಲಿಂಕ್‌ಗಳಿಗೂ ಹಂಚಿಹೋಗಬೇಕು. ಎರಡೂ ಒಟ್ಟಿಗೆ ಬರುತ್ತವೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಇವೆರಡಕ್ಕೂ ಒಳಗೊಳಗೇ ಜಗಳ ಇದೆ. 1 ಗಿಗಾಬಿಟ್‌ನ ಎರಡು ಲಿಂಕ್ ಸೇರಿಸಿ ದಿನವೂ 1.6 ಗಿಗಾಬಿಟ್ ಓಡಿಸುತ್ತಿದ್ದೀರಿ ಅಂದುಕೊಳ್ಳಿ. ಒಂದು ಲಿಂಕ್ ಹೋದ ದಿನ ಉಳಿದ ಒಂದು ಆ ಭಾರ ಹೊರುವುದಿಲ್ಲ. ಸರ್ವರ್ ಪಿಂಗ್‌ಗೆ ಉತ್ತರ ಕೊಡುತ್ತಿರುತ್ತದೆ, ಬಳಸುವವರಿಗೆ ಮಾತ್ರ ಕೆಲಸ ಆಗುವುದಿಲ್ಲ. ಹಾಗಾಗಿ ನಿಮಗೆ ನಿಜವಾಗಿ ಬೇಕಾದದ್ದು ಯಾವುದು ಅಂತ ಮೊದಲೇ ತೀರ್ಮಾನ ಆಗಬೇಕು. ನಾನು ನೋಡಿದ ಮಟ್ಟಿಗೆ ಹೆಚ್ಚಿನವರು ಕೇಳುವುದು ಸ್ಪೀಡ್, ಆದರೆ ಅವರಿಗೆ ಬೇಕಾಗಿರುವುದು ಸರ್ವರ್ ನಿಲ್ಲದೆ ಇರುವುದು.

ಮೊದಲು ಇವಿಷ್ಟನ್ನು ಕೇಳಿಕೊಳ್ಳಿ

ಏನು ಕೆಟ್ಟುಹೋದೀತು ಅಂತ ನಿಮ್ಮ ಭಯ? ಕೇಬಲ್ ಅಥವಾ ಪೋರ್ಟ್ ಹೋದರೆ ಯಾವ ಮೋಡ್ ಆದರೂ ಕಾಪಾಡುತ್ತದೆ. ಕಾರ್ಡೇ ಸುಟ್ಟುಹೋದರೆ? ಎರಡು ಪೋರ್ಟ್‌ಗಳೂ ಒಂದೇ ಕಾರ್ಡಿನಲ್ಲಿದ್ದರೆ ಟೀಮ್ ಇದ್ದೂ ಇಲ್ಲದಂತೆ. ಮದರ್‌ಬೋರ್ಡ್‌ನ ಪೋರ್ಟ್ ಒಂದು, ಪಿಸಿಐ ಕಾರ್ಡಿನ ಪೋರ್ಟ್ ಒಂದು ತೆಗೆದುಕೊಳ್ಳಿ, ಖರ್ಚಿಲ್ಲದೆ ಆ ಅಪಾಯ ತಪ್ಪುತ್ತದೆ. ಇನ್ನು ಸ್ವಿಚ್. ಅದರ ಪವರ್ ಸಪ್ಲೈ ಹೋಗುವುದು, ಫರ್ಮ್‌ವೇರ್ ಅಪ್‌ಡೇಟ್‌ಗೆ ರೀಬೂಟ್ ಆಗುವುದು ಕೇಬಲ್ ಕೆಡುವುದಕ್ಕಿಂತ ದೊಡ್ಡ ಚಿಂತೆ. ಎರಡು ಕೇಬಲ್ ಒಂದೇ ಸ್ವಿಚ್‌ಗೆ ಹೋಗಿದ್ದರೆ ಆ ಹೊತ್ತಿನಲ್ಲಿ ಯಾವ ಮೋಡೂ ಏನೂ ಮಾಡಲಾರದು.

ಟ್ರಾಫಿಕ್ ಯಾವ ಥರದ್ದು? ನೂರಾರು ಜನ ಒಟ್ಟಿಗೆ ಬಂದು ಚಿಕ್ಕ ಚಿಕ್ಕ ಫೈಲ್ ತೆಗೆಯುವ ಸರ್ವರ್ ಬೇರೆ. ರಾತ್ರಿ ಒಂದೇ ಬ್ಯಾಕಪ್ ಮೆಷಿನ್‌ಗೆ ದೊಡ್ಡ ಫೈಲ್ ಕಳಿಸುವ ಸರ್ವರ್ ಬೇರೆ. ಮೊದಲನೆಯದಕ್ಕೆ ಲೋಡ್ ಹಂಚಿಕೆ ಚೆನ್ನಾಗಿ ಒಗ್ಗುತ್ತದೆ. ಎರಡನೆಯದಕ್ಕೆ ಬಹುಪಾಲು ಏನೂ ಸಿಗುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸ್ವಿಚ್ ಎಂಥದ್ದು? ಸೆಟ್ಟಿಂಗ್ ಮಾಡಲಾಗದ ಸಾದಾ ಸ್ವಿಚ್ಚಾ, ಮ್ಯಾನೇಜ್ಡ್ ಸ್ವಿಚ್ಚಾ, ಎರಡು ಸ್ವಿಚ್ ಒಂದಾಗಿ ನಡೆದುಕೊಳ್ಳುವ ಸ್ಟ್ಯಾಕಿಂಗ್ ಅಥವಾ ಎಂಲ್ಯಾಗ್ ಇದೆಯಾ? ಅರ್ಧ ಆಯ್ಕೆಗಳು ಇಲ್ಲೇ ಉದುರಿಹೋಗುತ್ತವೆ. ಕೊನೆಯದಾಗಿ, ಆ ಸ್ವಿಚ್ ಯಾರ ಕೈಯಲ್ಲಿದೆ? ಸರ್ವರ್ ನೋಡಿಕೊಳ್ಳುವವರು ಒಬ್ಬರು, ಸ್ವಿಚ್ ನೋಡಿಕೊಳ್ಳುವವರು ಇನ್ನೊಬ್ಬರು ಆಗಿದ್ದರೆ, ಇಬ್ಬರೂ ಸೇರಿ ಮಾಡಬೇಕಾದ ಸೆಟ್ಟಿಂಗ್ ಎಂದಾದರೂ ಒಂದು ದಿನ ತಪ್ಪಿಯೇ ತಪ್ಪುತ್ತದೆ.

ಆಕ್ಟಿವ್-ಬ್ಯಾಕಪ್: ಮಂಕಾಗಿ ಕಂಡರೂ ಗಟ್ಟಿ

ಒಂದು ಲಿಂಕ್ ದುಡಿಯುತ್ತದೆ, ಇನ್ನೊಂದು ಕಾದು ಕೂತಿರುತ್ತದೆ. ಮೊದಲನೆಯದು ಡೌನ್ ಆದರೆ ಎರಡನೆಯದು ಕೆಲಸಕ್ಕೆ ಇಳಿಯುತ್ತದೆ. ಸ್ವಿಚ್‌ನಲ್ಲಿ ಏನೂ ಮಾಡಬೇಕಿಲ್ಲ. ಮುಖ್ಯ ಲಾಭ ಅಂದರೆ, ಎರಡು ಕೇಬಲ್‌ಗಳನ್ನು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಸ್ವಿಚ್‌ಗಳಿಗೆ ಹಾಕಬಹುದು. ಎರಡೂ ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಸಾಕು. ಇಷ್ಟು ಕಡಿಮೆ ಖರ್ಚಿನಲ್ಲಿ ಸ್ವಿಚ್ ಕೆಡುವುದರಿಂದಲೂ ಕಾಪಾಡುವ ಸರಳ ದಾರಿ ಇನ್ನೊಂದಿಲ್ಲ.

ಅರ್ಧ ಪೋರ್ಟ್ ಖಾಲಿ ಕೂತಿರುತ್ತದೆ ಅನ್ನುವುದೇ ಇದರ ಮೇಲಿನ ದೂರು. ನಿಜ. ಆದರೆ ಆಗಲೇ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ. ಒಂದು ಲಿಂಕ್ ಹೋದಾಗಲೂ ಅದೇ ಸ್ಪೀಡ್ ಬೇಕು ಅಂದರೆ, ಎಷ್ಟಾದರೂ ಅರ್ಧ ಸಾಮರ್ಥ್ಯ ಖಾಲಿ ಇಡಲೇಬೇಕು. ಈ ಮೋಡ್ ಅದನ್ನು ಮುಚ್ಚುಮರೆ ಇಲ್ಲದೆ ಮಾಡುತ್ತದೆ ಅಷ್ಟೇ.

ಲಿನಕ್ಸ್‌ನಲ್ಲಿ ಇದನ್ನು ಹಾಕುವಾಗ ಮೂರು ಕಡೆ ಎಚ್ಚರ ಬೇಕು. ಲಿಂಕ್ ಡೌನ್ ಆಗಿದೆಯಾ ಅಂತ ನೋಡುವ ಕೆಲಸ ತಾನಾಗಿ ನಡೆಯುತ್ತದೆ ಅಂತ ನಂಬಬೇಡಿ. ಎಂಐಐಮಾನ್ ಅನ್ನುವ ಸೆಟ್ಟಿಂಗ್‌ಗೆ 100 ಅಂತ ಕೊಡಿ, ಆಗ ಪ್ರತಿ 100 ಮಿಲಿಸೆಕೆಂಡಿಗೆ ಒಮ್ಮೆ ನೋಡುತ್ತದೆ. ಇದೂ ಇಲ್ಲ, ಎಆರ್‌ಪಿ (ಒಂದು ಐಪಿ ವಿಳಾಸದ ಹಿಂದಿರುವ ಕಾರ್ಡಿನ ಮ್ಯಾಕ್ ವಿಳಾಸ ಯಾವುದು ಅಂತ ಕೇಳುವ ಸಂದೇಶ) ಮೂಲಕ ನೋಡುವ ಸೆಟ್ಟಿಂಗೂ ಇಲ್ಲ ಅಂದರೆ ಲಿಂಕ್ ಹೋದರೂ ಬಾಂಡ್‌ಗೆ ಗೊತ್ತಾಗುವುದಿಲ್ಲ.

ಎರಡನೆಯದು, ಲಿಂಕ್ ಆನ್ ಇದ್ದ ಮಾತ್ರಕ್ಕೆ ದಾರಿ ತೆರೆದಿದೆ ಅಂತಲ್ಲ. ನಿಮ್ಮ ಸ್ವಿಚ್ ಚೆನ್ನಾಗಿದ್ದು, ಅದರಿಂದ ಆಚೆಗೆ ಹೋಗುವ ಅಪ್‌ಲಿಂಕ್ ಕತ್ತರಿಸಿಹೋದರೆ, ಪೋರ್ಟ್‌ನ ದೀಪ ಹಸಿರಾಗಿಯೇ ಇರುತ್ತದೆ, ಟ್ರಾಫಿಕ್ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಎರಡು ಬೇರೆ ಸ್ವಿಚ್ ಬಳಸುವವರು ಎಆರ್‌ಪಿ ಮಾನಿಟರಿಂಗ್ ಹಾಕಿ, ಗೇಟ್‌ವೇ (ಆಚೆಯ ನೆಟ್‌ವರ್ಕ್‌ಗೆ ದಾರಿ ಕೊಡುವ ರೌಟರ್) ಉತ್ತರ ಕೊಡುತ್ತಿದೆಯಾ ಅಂತ ನೋಡುವುದು ಇದಕ್ಕೇ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಕೆಟ್ಟ ಲಿಂಕ್ ಸರಿಯಾಗಿ ವಾಪಸ್ ಬರುವ ಹೊತ್ತೇ ಹೊಸ ತೊಂದರೆ ಕೊಡಬಹುದು. ಹಳೆಯ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ತಡೆಯುವ ವ್ಯವಸ್ಥೆ) ನಡೆಸುವ ಸ್ವಿಚ್ ಪೋರ್ಟ್, ಲಿಂಕ್ ಬಂದ ಮೇಲೆ ಟ್ರಾಫಿಕ್ ಬಿಡಲು ಸುಮಾರು 30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಬಾಂಡ್‌ಗೆ ಅದು ಗೊತ್ತಿಲ್ಲ. ಪ್ರೈಮರಿ ಲಿಂಕ್ ಬಂತು ಅಂತ ತಕ್ಷಣ ಅದಕ್ಕೆ ಜಿಗಿಯುತ್ತದೆ, 30 ಸೆಕೆಂಡ್ ಎಲ್ಲ ನಿಲ್ಲುತ್ತದೆ. ಸ್ವಿಚ್ ಪೋರ್ಟನ್ನು ಎಡ್ಜ್ ಅಥವಾ ಪೋರ್ಟ್‌ಫಾಸ್ಟ್ ಮಾಡಿ, ಆಗ ಅದು ಹಾಗೆ ಕಾಯುವುದಿಲ್ಲ. ಅದು ನಿಮ್ಮ ಕೈಯಲ್ಲಿಲ್ಲದಿದ್ದರೆ ಲಿಂಕ್ ಬಂದ ಮೇಲೂ ಸ್ವಲ್ಪ ಹೊತ್ತು ಕಾಯಿಸುವ ಅಪ್‌ಡಿಲೇ ಹಾಕಿ, ಇಲ್ಲವೇ ಓಡುತ್ತಿರುವ ಲಿಂಕ್ ಕೆಡುವ ತನಕ ಹಳೆಯದಕ್ಕೆ ಮರಳಬೇಡ ಅಂತ ಹೇಳಿ.

ಎಲ್‌ಎಸಿಪಿ: ಎಲ್ಲರೂ ಹೆಸರು ಹೇಳುವ ಆಯ್ಕೆ

ಎಲ್‌ಎಸಿಪಿ ಅಂದರೆ ಲಿಂಕ್ ಅಗ್ರಿಗೇಶನ್ ಕಂಟ್ರೋಲ್ ಪ್ರೋಟೋಕಾಲ್. ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಸಂಸ್ಥೆ ಐಟ್ರಿಪಲ್‌ಇ 2000ರಲ್ಲಿ 802.3ಎಡಿ ಅಂತ ತಂದದ್ದು ಇದು. 2008ರಲ್ಲಿ ಅದು 802.1ಎಎಕ್ಸ್ ಆಯಿತು, ಆದರೂ ಜನರ ಬಾಯಲ್ಲಿ ಹಳೆಯ ಹೆಸರೇ ಓಡಾಡುತ್ತದೆ. ಸರ್ವರ್ ಮತ್ತು ಸ್ವಿಚ್ ಆಗಾಗ ಪರಸ್ಪರ ಚಿಕ್ಕ ಸಂದೇಶ ಕಳಿಸಿ, 'ನಾನು ಈ ಗುಂಪಿನಲ್ಲಿದ್ದೇನೆ, ನೀನೂ ಇದ್ದೀಯಾ?' ಅಂತ ಕೇಳಿಕೊಳ್ಳುತ್ತವೆ. ಕೇಬಲ್ ತಪ್ಪು ಪೋರ್ಟ್‌ಗೆ ಹೋಗಿದ್ದರೆ ಆ ಲಿಂಕ್ ಗುಂಪಿಗೆ ಸೇರುವುದೇ ಇಲ್ಲ. ಈ ಪರೀಕ್ಷೆಯೇ ಎಲ್‌ಎಸಿಪಿಯ ನಿಜವಾದ ಬೆಲೆ, ಸ್ಪೀಡ್ ಆಮೇಲಿನ ಮಾತು.

ಸ್ಪೀಡ್ ವಿಷಯಕ್ಕೆ ಬರೋಣ. 1 ಗಿಗಾಬಿಟ್‌ನ ಎರಡು ಲಿಂಕ್ ಸೇರಿಸಿದರೆ 2 ಗಿಗಾಬಿಟ್ ಅಂತ ಸ್ಕ್ರೀನ್ ತೋರಿಸುತ್ತದೆ. ಒಂದು ಫೈಲ್ ಕಾಪಿ ಮಾಡಿ ನೋಡಿ, ಸೆಕೆಂಡಿಗೆ ಸುಮಾರು 115 ಮೆಗಾಬೈಟ್‌ಗೇ ನಿಲ್ಲುತ್ತದೆ. ಕೆಟ್ಟಿರುವುದು ಏನೂ ಇಲ್ಲ. ಪ್ಯಾಕೆಟ್‌ಗಳು ಹಿಂದುಮುಂದು ಆಗಬಾರದು ಅಂತ ಒಂದು ಸಂಪರ್ಕದ ಎಲ್ಲ ಪ್ಯಾಕೆಟ್‌ಗಳೂ ಒಂದೇ ಲಿಂಕ್‌ನಲ್ಲಿ ಹೋಗುತ್ತವೆ. ಯಾವ ಲಿಂಕ್ ಅಂತ ವಿಳಾಸಗಳ ಮೇಲೆ ಹ್ಯಾಶ್ ಲೆಕ್ಕ (ಒಂದೇ ವಿಳಾಸಗಳಿಗೆ ಸದಾ ಒಂದೇ ಉತ್ತರ ಕೊಡುವ ಲೆಕ್ಕ) ಮಾಡಿ ತೀರ್ಮಾನಿಸಲಾಗುತ್ತದೆ. ಆ ಲೆಕ್ಕಕ್ಕೆ ಯಾವ ಲಿಂಕ್ ತುಂಬಿದೆ, ಯಾವುದು ಖಾಲಿ ಇದೆ ಅನ್ನುವುದು ಗೊತ್ತಿಲ್ಲ. ಎರಡು ಲಿಂಕ್, ಎರಡು ದೊಡ್ಡ ಸಂಪರ್ಕ ಇದ್ದರೆ ಎರಡೂ ಒಂದೇ ಲಿಂಕ್‌ಗೆ ಬೀಳುವ ಸಾಧ್ಯತೆ ಎರಡರಲ್ಲಿ ಒಂದು. ನಾಲ್ಕು ಸಂಪರ್ಕ ಇದ್ದರೂ ನಾಲ್ಕೂ ಒಂದೇ ಕಡೆ ಸೇರುವ ಸಾಧ್ಯತೆ ಎಂಟರಲ್ಲಿ ಒಂದು. ನೂರು ಸಂಪರ್ಕ ಇದ್ದರೆ ಮಾತ್ರ ತಾನಾಗಿಯೇ ಸಮವಾಗಿ ಹರಡುತ್ತದೆ.

ಹ್ಯಾಶ್‌ಗೆ ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ ಅನ್ನುವುದೂ ಮುಖ್ಯ. ಲಿನಕ್ಸ್‌ನಲ್ಲಿ ಡಿಫಾಲ್ಟ್ ಇರುವುದು ಲೇಯರ್2, ಅಂದರೆ ಮ್ಯಾಕ್ ವಿಳಾಸ. ನಿಮ್ಮ ಬಳಕೆದಾರರೆಲ್ಲ ರೌಟರ್‌ನ ಆಚೆ ಇದ್ದರೆ ಸರ್ವರ್ ಕಣ್ಣಿಗೆ ಕಾಣುವ ಮ್ಯಾಕ್ ಒಂದೇ, ಗೇಟ್‌ವೇಯದ್ದು. ಹೊರಹೋಗುವ ಟ್ರಾಫಿಕ್ ಎಲ್ಲ ಒಂದೇ ಲಿಂಕ್ ಹಿಡಿಯುತ್ತದೆ, ಇನ್ನೊಂದು ಖಾಲಿ. ಲೇಯರ್3+4 ಹಾಕಿದರೆ ಐಪಿ ಜೊತೆಗೆ ಪೋರ್ಟ್ ನಂಬರ್ ಕೂಡ ಲೆಕ್ಕಕ್ಕೆ ಬರುತ್ತದೆ, ಹಂಚಿಕೆ ಬಹಳ ಸುಧಾರಿಸುತ್ತದೆ. ತುಂಡಾದ ಪ್ಯಾಕೆಟ್‌ಗಳ ವಿಷಯದಲ್ಲಿ ಇದು ಸ್ಟ್ಯಾಂಡರ್ಡ್‌ಗೆ ಪೂರ್ತಿ ಒಪ್ಪುವುದಿಲ್ಲ ಅಂತ ಕರ್ನೆಲ್ ಡಾಕ್ಯುಮೆಂಟ್ ಹೇಳುತ್ತದೆ. ಸಾಮಾನ್ಯ ಟಿಸಿಪಿ ಟ್ರಾಫಿಕ್‌ಗೆ ಅದು ತೊಂದರೆ ಕೊಡುವುದು ಕಡಿಮೆ. ಇನ್ನೊಂದು ಮಾತು: ನೀವು ಬದಲಿಸುವುದು ಸರ್ವರ್‌ನಿಂದ ಹೊರಹೋಗುವ ದಿಕ್ಕನ್ನು ಮಾತ್ರ. ಒಳಬರುವುದನ್ನು ಸ್ವಿಚ್ ತನ್ನದೇ ಹ್ಯಾಶ್‌ನಲ್ಲಿ ಹಂಚುತ್ತದೆ, ಅದನ್ನು ಅಲ್ಲೇ ಹೋಗಿ ಸರಿಮಾಡಬೇಕು.

ಇನ್ನು ಟೈಮರ್. ಕೇಬಲ್ ಕಿತ್ತರೆ ಎರಡೂ ಕಡೆ ತಕ್ಷಣ ಗೊತ್ತಾಗುತ್ತದೆ. ಆದರೆ ನಡುವೆ ಮೀಡಿಯಾ ಕನ್ವರ್ಟರ್ ಥರದ್ದು ಏನಾದರೂ ಇದ್ದು ಲಿಂಕ್ ಆನ್ ಆಗಿಯೇ ಉಳಿದರೆ ಎಲ್‌ಎಸಿಪಿ ಸಂದೇಶ ನಿಂತದ್ದನ್ನು ನೋಡಿಯೇ ತಿಳಿಯಬೇಕು. ಸ್ಲೋ ಅಂದರೆ 30 ಸೆಕೆಂಡಿಗೊಂದು ಸಂದೇಶ, 90 ಸೆಕೆಂಡ್ ಕಾಯುತ್ತದೆ. ಫಾಸ್ಟ್ ಅಂದರೆ ಸೆಕೆಂಡಿಗೊಂದು, 3 ಸೆಕೆಂಡಿಗೇ ತೀರ್ಮಾನ. ಎರಡೂ ಕಡೆ ಫಾಸ್ಟ್ ಇಡಿ.

ಖರ್ಚು ಎಲ್ಲಿ ಬರುತ್ತದೆ? ಎಲ್‌ಎಸಿಪಿಗೆ ಮ್ಯಾನೇಜ್ಡ್ ಸ್ವಿಚ್ ಬೇಕು. ಎರಡು ಸ್ವಿಚ್‌ಗಳಿಗೆ ಹರಡಬೇಕು ಅಂದರೆ ಸ್ಟ್ಯಾಕಿಂಗ್ ಅಥವಾ ಎಂಲ್ಯಾಗ್ ಇರುವ ಜೋಡಿ ಬೇಕು, ಅದು ಇನ್ನೂ ದುಬಾರಿ. ಸ್ಟ್ಯಾಕ್ ಆದರೆ ಕೆಲವು ಮಾಡೆಲ್‌ಗಳು ಅಪ್‌ಡೇಟ್ ಹೊತ್ತಿಗೆ ಒಟ್ಟಿಗೇ ರೀಬೂಟ್ ಆಗುತ್ತವೆ, ಕೊಳ್ಳುವ ಮುಂಚೆ ಇದನ್ನು ವಿಚಾರಿಸಿ. ಇದಾವುದೂ ಇಲ್ಲದೆ ಒಂದೇ ಸ್ವಿಚ್‌ಗೆ ಎಲ್‌ಎಸಿಪಿ ಮಾಡಿಕೊಂಡವರಿಗೆ, ಸಾದಾ ಸ್ವಿಚ್ ಎರಡಕ್ಕೆ ಆಕ್ಟಿವ್-ಬ್ಯಾಕಪ್ ಮಾಡಿಕೊಂಡವರಿಗಿಂತ ಕಡಿಮೆ ರಕ್ಷಣೆ ಇದೆ. ನೆಟ್‌ವರ್ಕ್ ಬೂಟ್ ಮಾಡುವ ಸರ್ವರ್ ಆದರೆ ಇನ್ನೊಂದು ಕಿರಿಕಿರಿ: ಬೂಟ್ ಆಗುವಾಗ ಎಲ್‌ಎಸಿಪಿ ಮಾತಾಡುವವರು ಯಾರೂ ಇರುವುದಿಲ್ಲ, ಸ್ವಿಚ್ ಪೋರ್ಟ್ ಮುಚ್ಚಿಕೊಂಡು ಕೂರುತ್ತದೆ. ಎಲ್‌ಎಸಿಪಿ ಫಾಲ್‌ಬ್ಯಾಕ್ ಅನ್ನುವ ಸೌಲಭ್ಯ ಸ್ವಿಚ್‌ನಲ್ಲಿ ಇದೆಯಾ ನೋಡಿಕೊಳ್ಳಿ.

ಉಳಿದ ಲಿನಕ್ಸ್ ಮೋಡ್‌ಗಳು

ಬ್ಯಾಲೆನ್ಸ್-ಎಕ್ಸ್‌ಓಆರ್ ಅಂದರೆ ಎಲ್‌ಎಸಿಪಿಯ ಹಂಚಿಕೆ, ಆದರೆ ಆ ಮಾತುಕತೆ ಇಲ್ಲ. ಸ್ವಿಚ್‌ನಲ್ಲಿ ಸ್ಟ್ಯಾಟಿಕ್ ಗುಂಪು ಮಾಡಬೇಕು. ಒಂದು ಕಡೆ ತಪ್ಪಾದರೆ ಯಾರೂ ಹೇಳುವುದಿಲ್ಲ, ಪ್ಯಾಕೆಟ್ ಕಳೆದುಹೋಗುತ್ತಿರುತ್ತದೆ. ಸ್ವಿಚ್‌ಗೆ ಎಲ್‌ಎಸಿಪಿ ಬರುತ್ತದೆ ಅಂದರೆ ಇದನ್ನು ಮುಟ್ಟಬೇಡಿ.

ರೌಂಡ್ ರಾಬಿನ್ ಒಂದೇ ಸಂಪರ್ಕಕ್ಕೆ ಎರಡು ಲಿಂಕ್‌ನ ಸ್ಪೀಡ್ ಕೊಡಬಲ್ಲ ಮೋಡ್. ಕೇಳಲು ಚೆಂದ. ಆದರೆ ಪ್ಯಾಕೆಟ್‌ಗಳು ಕ್ರಮ ತಪ್ಪಿ ತಲುಪುತ್ತವೆ, ಟಿಸಿಪಿ ಅದನ್ನು ನಷ್ಟ ಅಂತ ತಿಳಿದು ಮತ್ತೆ ಕಳಿಸುತ್ತದೆ. ಎರಡು ಸರ್ವರ್‌ಗಳ ನಡುವೆ ಸ್ವಿಚ್ ಇಲ್ಲದೆ ನೇರ ಕೇಬಲ್ ಎಳೆದಾಗ ಪ್ರಯೋಗ ಮಾಡಿ ನೋಡಬಹುದು, ಬೇರೆಲ್ಲೂ ಬೇಡ.

ಟಿಎಲ್‌ಬಿ ಮತ್ತು ಎಎಲ್‌ಬಿ, ಇವೆರಡು ಸಾದಾ ಸ್ವಿಚ್ ಇರುವವರಿಗೆ ಆಸೆ ಹುಟ್ಟಿಸುತ್ತವೆ. ಟಿಎಲ್‌ಬಿ ಹೊರಹೋಗುವುದನ್ನು ಮಾತ್ರ ಹಂಚುತ್ತದೆ, ಒಳಬರುವುದಕ್ಕೆ ಒಂದೇ ಲಿಂಕ್. ಜಾಸ್ತಿ ಕೊಡುವ, ಕಡಿಮೆ ತೆಗೆದುಕೊಳ್ಳುವ ಫೈಲ್ ಅಥವಾ ವೆಬ್ ಸರ್ವರ್‌ಗೆ ಇದು ಪರವಾಗಿಲ್ಲ. ಎಎಲ್‌ಬಿ ಒಳಬರುವುದನ್ನೂ ಹಂಚುತ್ತದೆ, ಹೇಗೆ ಅಂದರೆ ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಎಆರ್‌ಪಿಯಲ್ಲಿ ಬೇರೆ ಬೇರೆ ಮ್ಯಾಕ್ ವಿಳಾಸ ಹೇಳಿ. ಬುದ್ಧಿವಂತ ಉಪಾಯ. ಆದರೆ ಒಳಬರುವ ಹಂಚಿಕೆ ಐಪಿವಿ4ಗೆ ಮಾತ್ರ, ರೌಟರ್‌ನ ಆಚೆಯಿಂದ ಬರುವುದೆಲ್ಲ ಒಂದೇ ಕಡೆ. ವರ್ಚುವಲ್ ಮೆಷಿನ್‌ಗಳ ಬ್ರಿಡ್ಜ್ ಕೆಳಗೆ ಇದನ್ನು ಹಾಕಿ ತಲೆ ಕೆಡಿಸಿಕೊಳ್ಳಬೇಡಿ.

ಲಿನಕ್ಸ್‌ನಲ್ಲಿ ಬಾಂಡಿಂಗ್ ಬದಲು ಟೀಮ್ ಡ್ರೈವರ್ ಬಳಸಿ ಅಂತ ಹೇಳುವ ಹಳೆಯ ಲೇಖನಗಳು ಸಿಕ್ಕರೆ ಬಿಟ್ಟುಬಿಡಿ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಅದು ಹಳತು ಅಂತ ಘೋಷಣೆಯಾಗಿ, 10ರಲ್ಲಿ ತೆಗೆದೇಹಾಕಿದ್ದಾರೆ.

ವಿಂಡೋಸ್ ಸರ್ವರ್ ಆದರೆ

ಇಲ್ಲಿ ಆಯ್ಕೆ ಎರಡೇ. ವಿಂಡೋಸ್ ಸರ್ವರ್ 2012ರಲ್ಲಿ ಬಂದ ಎಲ್‌ಬಿಎಫ್‌ಓ, 2016ರಲ್ಲಿ ಬಂದ ಸೆಟ್, ಅಂದರೆ ಸ್ವಿಚ್ ಎಂಬೆಡೆಡ್ ಟೀಮಿಂಗ್. ಹೈಪರ್-ವಿ (ವಿಂಡೋಸ್‌ನಲ್ಲಿ ವರ್ಚುವಲ್ ಮೆಷಿನ್ ನಡೆಸುವ ಸೌಲಭ್ಯ) ನಡೆಸುತ್ತಿದ್ದರೆ ಯೋಚನೆಯೇ ಬೇಡ, ಸೆಟ್ ತೆಗೆದುಕೊಳ್ಳಿ. ಸರ್ವರ್ 2022ರಿಂದ ಹೈಪರ್-ವಿ ಸ್ವಿಚ್ಚನ್ನು ಎಲ್‌ಬಿಎಫ್‌ಓ ಟೀಮ್ ಮೇಲೆ ಕಟ್ಟಲು ಮಾಮೂಲಿ ದಾರಿಯಲ್ಲಿ ಬಿಡುವುದಿಲ್ಲ. ಸೆಟ್‌ನಲ್ಲಿ ಆರ್‌ಡಿಎಂಎ (ಸಿಪಿಯುಗೆ ಭಾರ ಹಾಕದೆ ಒಂದು ಮೆಷಿನ್‌ನ ಮೆಮೊರಿಯಿಂದ ಇನ್ನೊಂದಕ್ಕೆ ನೇರ ಡೇಟಾ ಕಳಿಸುವ ವಿಧಾನ) ಕೆಲಸ ಮಾಡುತ್ತದೆ, ಎಲ್‌ಬಿಎಫ್‌ಓದಲ್ಲಿ ಮಾಡುವುದಿಲ್ಲ. ಆದರೆ ಸೆಟ್‌ಗೆ ಅದರದೇ ಹಟಗಳಿವೆ: ಎಲ್ಲ ಅಡಾಪ್ಟರ್‌ಗಳೂ ಒಂದೇ ಥರದವು ಇರಬೇಕು, ಗರಿಷ್ಠ 8, ಮತ್ತು ಎಲ್‌ಎಸಿಪಿ ಇಲ್ಲವೇ ಇಲ್ಲ. ಸ್ವಿಚ್ ಕಡೆ ಪೋರ್ಟ್ ಚಾನೆಲ್ ಮಾಡಿಟ್ಟಿದ್ದರೆ ಅದನ್ನು ಬಿಚ್ಚಬೇಕು.

ಹೈಪರ್-ವಿ ಇಲ್ಲದ ಸರ್ವರ್‌ಗೆ ಎಲ್‌ಬಿಎಫ್‌ಓ ಇವತ್ತಿಗೂ ಸಾಕು. ಸ್ವಿಚ್ ಇಂಡಿಪೆಂಡೆಂಟ್ ಮೋಡ್, ಡೈನಾಮಿಕ್ ಹಂಚಿಕೆ ಇಟ್ಟು ಎರಡು ಸ್ವಿಚ್‌ಗೆ ಕೇಬಲ್ ಹಾಕಿದರೆ ಹೆಚ್ಚಿನ ಕೆಲಸಗಳಿಗೆ ನಡೆಯುತ್ತದೆ.

ವಿಎಂವೇರ್ ಆದರೆ

ವಿಸ್ಫಿಯರ್‌ನಲ್ಲಿ ಡಿಫಾಲ್ಟ್ ಆಗಿ ಬರುವುದು ವರ್ಚುವಲ್ ಪೋರ್ಟ್ ಐಡಿ ಪ್ರಕಾರ ಹಂಚಿಕೆ. ಒಂದೊಂದು ವಿಎಂ (ವರ್ಚುವಲ್ ಮೆಷಿನ್) ಒಂದೊಂದು ಲಿಂಕ್‌ಗೆ ಅಂಟಿಕೊಳ್ಳುತ್ತದೆ. ಸ್ವಿಚ್‌ಗೆ ಏನೂ ಹೇಳಬೇಕಿಲ್ಲ, ಎರಡು ಸ್ವಿಚ್‌ಗೆ ಹರಡಬಹುದು. ಹತ್ತಾರು ವಿಎಂ ಇದ್ದರೆ ಇದನ್ನು ಬದಲಿಸುವ ಕಾರಣವೇ ನನಗೆ ಕಾಣುವುದಿಲ್ಲ. ಡಿಸ್ಟ್ರಿಬ್ಯೂಟೆಡ್ ಸ್ವಿಚ್ ಲೈಸೆನ್ಸ್ ಇದ್ದವರು ಲೋಡ್ ಆಧಾರಿತ ಹಂಚಿಕೆಗೆ ಹೋಗಲಿ. ಯಾವುದಾದರೂ ಲಿಂಕ್ 30 ಸೆಕೆಂಡ್ ಅವಧಿಯಲ್ಲಿ ಸರಾಸರಿ ಶೇ 75 ದಾಟಿದರೆ ಕೆಲವು ವಿಎಂಗಳನ್ನು ಅದು ಬೇರೆ ಲಿಂಕ್‌ಗೆ ಸರಿಸುತ್ತದೆ. ನಿಜವಾದ ಲೋಡ್ ನೋಡಿ ಹಂಚುವುದು ಅಂದರೆ ಇದು.

ವಿಎಂವೇರ್ ಒಳಗಿನ ಸ್ಟ್ಯಾಂಡರ್ಡ್ ಸ್ವಿಚ್‌ಗೆ ಎಲ್‌ಎಸಿಪಿ ಬರುವುದಿಲ್ಲ. ಅಲ್ಲಿನ ಐಪಿ ಹ್ಯಾಶ್‌ಗೆ ಹೊರಗಿನ ಸ್ವಿಚ್‌ನಲ್ಲಿ ಸ್ಟ್ಯಾಟಿಕ್ ಗುಂಪು ಬೇಕು. ಬೀಕನ್ ಪ್ರೋಬಿಂಗ್ (ಅಡಾಪ್ಟರ್‌ಗಳು ಪರಸ್ಪರ ಪರೀಕ್ಷೆಯ ಪ್ಯಾಕೆಟ್ ಕಳಿಸಿ ದಾರಿ ನೋಡುವುದು) ಹಾಕುವವರು ಕನಿಷ್ಠ 3 ಅಡಾಪ್ಟರ್ ಇಟ್ಟುಕೊಳ್ಳಿ. ಎರಡೇ ಇದ್ದರೆ ಯಾವುದು ಕೆಟ್ಟಿದೆ ಅಂತ ಅದಕ್ಕೆ ತೀರ್ಮಾನಿಸಲು ಬರುವುದಿಲ್ಲ.

ಟೀಮಿಂಗೇ ಬೇಡದ ಜಾಗಗಳು

ಸ್ಟೋರೇಜ್ ಐಸ್ಕಸಿ (ನೆಟ್‌ವರ್ಕ್ ಮೇಲೆ ಡಿಸ್ಕ್ ಒದಗಿಸುವ ವಿಧಾನ) ಮೂಲಕ ಬರುತ್ತಿದ್ದರೆ ಆ ಪೋರ್ಟ್‌ಗಳನ್ನು ಟೀಮ್ ಮಾಡಬೇಡಿ. ಎರಡಕ್ಕೂ ಬೇರೆ ಬೇರೆ ಐಪಿ ಕೊಟ್ಟು ಮಲ್ಟಿಪಾತ್ ಹಾಕಿ. ಅದು ಎರಡು ದಾರಿಯನ್ನೂ ಒಟ್ಟಿಗೆ ಬಳಸುತ್ತದೆ, ಒಂದು ಹೋದರೆ ಇನ್ನೊಂದಕ್ಕೆ ಸರಿಯುತ್ತದೆ. ವಿಂಡೋಸ್ ಫೈಲ್ ಶೇರಿಂಗ್‌ಗೆ ಎಸ್‌ಎಂಬಿ ಮಲ್ಟಿಚಾನೆಲ್ ಇದೆ. ಎಸ್‌ಎಂಬಿ 3.0 ಜೊತೆ 2012ರಲ್ಲೇ ಬಂದದ್ದು, ಲಿನಕ್ಸ್‌ನಲ್ಲಿ ಅದೇ ಫೈಲ್ ಶೇರಿಂಗ್ ಮಾಡುವ ಸಾಂಬಾದಲ್ಲೂ 4.15ರಿಂದ ಡಿಫಾಲ್ಟ್ ಆಗಿ ಆನ್ ಇದೆ. ಎಲ್‌ಎಸಿಪಿ ಕೊಡಲಾರದ್ದನ್ನು ಇದು ಕೊಡುತ್ತದೆ: ಒಂದೇ ಫೈಲ್ ಕಾಪಿಗೆ ಎರಡು ಲಿಂಕ್. ಎನ್‌ಎಫ್‌ಎಸ್ (ಲಿನಕ್ಸ್ ಕಡೆಯ ಫೈಲ್ ಶೇರಿಂಗ್) ಬಳಸುವವರಿಗೆ ಲಿನಕ್ಸ್ ಕರ್ನೆಲ್ 5.3ರಿಂದ ಎನ್‌ಕನೆಕ್ಟ್ ಇದೆ. ಒಂದೇ ಮೌಂಟ್‌ಗೆ 16ರವರೆಗೆ ಸಂಪರ್ಕ ತೆರೆಯಬಹುದು. ಅದರ ಜೊತೆ ಲೇಯರ್3+4 ಹ್ಯಾಶ್ ಇದ್ದರೆ ಬಾಂಡ್‌ನ ಎರಡೂ ಲಿಂಕ್ ಕೆಲಸಕ್ಕೆ ಬರುತ್ತವೆ.

ಇನ್ನು ಬರೀ ಸ್ಪೀಡ್ ಬೇಕಾದವರಿಗೆ ನೇರವಾಗಿ ಹೇಳುವುದಾದರೆ, 1 ಗಿಗಾಬಿಟ್‌ನ ನಾಲ್ಕು ಪೋರ್ಟ್ ಕಟ್ಟುವ ಬದಲು 10 ಗಿಗಾಬಿಟ್‌ನ ಒಂದು ಪೋರ್ಟ್ ಹಾಕಿ. 500 ಗಿಗಾಬೈಟ್‌ನ ಒಂದು ಬ್ಯಾಕಪ್ ಫೈಲ್‌ಗೆ 1 ಗಿಗಾಬಿಟ್‌ನಲ್ಲಿ ಒಂದು ಗಂಟೆ ಹನ್ನೆರಡು ನಿಮಿಷದ ಸುಮಾರು ಬೇಕು. ನಾಲ್ಕು ಲಿಂಕ್ ಎಲ್‌ಎಸಿಪಿ ಇದ್ದರೂ ಅಷ್ಟೇ. 10 ಗಿಗಾಬಿಟ್‌ನಲ್ಲಿ ಡಿಸ್ಕ್ ಕೈಹಿಡಿದರೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಹಾರ್ಡ್ ಡಿಸ್ಕ್ ಒಂದೇ ಇದ್ದರೆ ಅದೇ ತಡೆಯುತ್ತದೆ, ಆಗ ಖರ್ಚು ಮಾಡಬೇಕಾದ ಜಾಗ ನೆಟ್‌ವರ್ಕ್ ಅಲ್ಲ. ಹಳೆಯ 1 ಗಿಗಾಬಿಟ್ ಪೋರ್ಟನ್ನು ಎಸೆಯಬೇಡಿ. ಆಕ್ಟಿವ್-ಬ್ಯಾಕಪ್‌ನಲ್ಲಿ 10 ಗಿಗಾಬಿಟ್ ಪ್ರೈಮರಿ, 1 ಗಿಗಾಬಿಟ್ ಬ್ಯಾಕಪ್ ಇಡಬಹುದು. ನಿಧಾನ ಆದರೂ ನಿಲ್ಲುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಸಾದಾ ಸ್ವಿಚ್, ಕೈಯಲ್ಲಿ ಜಾಸ್ತಿ ದುಡ್ಡಿಲ್ಲ, ಸರ್ವರ್ ನಿಲ್ಲಬಾರದು: ಇನ್ನೊಂದು ಸಾದಾ ಸ್ವಿಚ್ ಕೊಂಡು ಆಕ್ಟಿವ್-ಬ್ಯಾಕಪ್. ಎರಡು ಸ್ವಿಚ್‌ಗಳ ನಡುವೆ ಒಂದೇ ಕೇಬಲ್ ಇರಲಿ. ಎರಡು ಹಾಕಿದರೆ ಲೂಪ್ ಆಗಿ ನೆಟ್‌ವರ್ಕ್ ಪೂರ್ತಿ ಕುಸಿಯುತ್ತದೆ.

ಒಂದು ಮ್ಯಾನೇಜ್ಡ್ ಸ್ವಿಚ್, ಬಹಳ ಬಳಕೆದಾರರು, ಲಿಂಕ್ ತುಂಬುತ್ತಿದೆ: ಎಲ್‌ಎಸಿಪಿ, ಲೇಯರ್3+4. ಸ್ವಿಚ್ ಹೋದರೆ ಎಲ್ಲ ಹೋಗುತ್ತದೆ ಅನ್ನುವುದನ್ನು ಒಪ್ಪಿಕೊಂಡೇ ಮಾಡಿ.

ಎಂಲ್ಯಾಗ್ ಜೋಡಿ ಇದ್ದು, ಸ್ವಿಚ್ ಮತ್ತು ಸರ್ವರ್ ಒಂದೇ ತಂಡದ ಕೈಯಲ್ಲಿದ್ದರೆ ಎಲ್‌ಎಸಿಪಿಗೆ ಸಮ ಇಲ್ಲ. ಸ್ವಿಚ್ ಬೇರೆಯವರ ಕೈಯಲ್ಲಿದ್ದರೆ ನಾನಾದರೆ ಆಗಲೂ ಆಕ್ಟಿವ್-ಬ್ಯಾಕಪ್‌ಗೇ ಹೋಗುತ್ತೇನೆ, ಅಥವಾ ಹೈಪರ್‌ವೈಸರ್ (ಹೈಪರ್-ವಿ, ವಿಎಂವೇರ್ ಥರದ್ದು) ಇದ್ದರೆ, ಸ್ವಿಚ್ ಕಡೆ ಏನೂ ಮಾಡಬೇಕಿಲ್ಲದ ಅದರ ಮೋಡ್‌ಗೆ.

ಯಾವುದನ್ನೇ ಆರಿಸಿ, ಕೆಲಸಕ್ಕೆ ಬಿಡುವ ಮುಂಚೆ ಕೆಡಿಸಿ ನೋಡಿ. ಪಿಂಗ್ ಓಡಿಸಿ, ಜೊತೆಗೆ ಒಂದು ದೊಡ್ಡ ಕಾಪಿಯನ್ನೂ ಓಡಿಸಿ. ಕೇಬಲ್ ಕೀಳಿ, ಎಷ್ಟು ಪಿಂಗ್ ಹೋದವು ನೋಡಿ. ಮತ್ತೆ ಹಾಕಿ, ಒಂದು ನಿಮಿಷ ಕಾಯಿರಿ, ವಾಪಸ್ ಬರುವಾಗ ಏನಾಯಿತು ನೋಡಿ. ಆಮೇಲೆ ಇನ್ನೊಂದು ಕೇಬಲ್‌ಗೂ ಹಾಗೇ ಮಾಡಿ. ಎರಡು ಸ್ವಿಚ್ ಇದ್ದರೆ ಒಂದರ ಪವರ್ ತೆಗೆಯಿರಿ, ಅದರ ಅಪ್‌ಲಿಂಕ್ ಮಾತ್ರ ಕಿತ್ತು ಇನ್ನೊಮ್ಮೆ ನೋಡಿ. ಲಿನಕ್ಸ್‌ನಲ್ಲಿ ಪ್ರಾಕ್ ಒಳಗಿನ ಬಾಂಡಿಂಗ್ ಫೈಲ್ ತೆರೆದರೆ ಯಾವ ಲಿಂಕ್ ಎಷ್ಟು ಸಲ ಕೆಟ್ಟಿದೆ ಅನ್ನುವ ಎಣಿಕೆಯೂ ಸಿಗುತ್ತದೆ. ಒಂದು ಲಿಂಕ್ ಹೋದಾಗ ನಿಮಗೆ ಮೇಲ್ ಅಥವಾ ಅಲರ್ಟ್ ಬರುವ ಹಾಗೆ ಮಾನಿಟರಿಂಗ್ ಹಾಕಿ. ಇಲ್ಲದಿದ್ದರೆ ಟೀಮ್ ಚೆನ್ನಾಗಿ ಕೆಲಸ ಮಾಡುತ್ತದೆ, ಮೊದಲ ಲಿಂಕ್ ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ, ಎರಡನೆಯದು ಹೋದ ದಿನವೇ ಎರಡೂ ಗೊತ್ತಾಗುತ್ತವೆ.